ಝಂಡಾ ದಿನದ ಉಂಡಿ

ಆಗಸ್ಟ್ 15ರ ಬೆಳಿಗ್ಗೆ ನಿಮ್ಮ ಬಿಲ್ಡಿಂಗಿನ ಮೆಟ್ಟಿಲಿಳಿದು ಸ್ಟೇಷನ್ ರಸ್ತೆಯವರೆಗೆ ನಡೆದರೆ ಏನು ಕಾಣುತ್ತದೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಮಿಠಾಯಿ ಅಂಗಡಿಯವರು ಫುಟ್‌ಪಾತಿನ ಮೇಲೆ ಮೇಜು ಹಾಕಿ, ಮಳೆಗೆ ತಾಡಪತ್ರಿ ಕಟ್ಟಿ, ಅಗಲವಾದ ಕಡಾಯಿಯಲ್ಲಿ ಜಿಲೇಬಿ ಬಿಡುತ್ತಿರುತ್ತಾರೆ. ಶಾಲೆಯ ಝಂಡಾವಂದನ ಮುಗಿಸಿ ಬಂದ ಮಕ್ಕಳು ಅಂಗಿಗೆ ಕಾಗದದ ಬಾವುಟ ಚುಚ್ಚಿಕೊಂಡು ಅಪ್ಪನ ಜೊತೆ ಸಾಲಿನಲ್ಲಿ ನಿಂತಿರುತ್ತಾರೆ. ಅರ್ಧ ಕಿಲೊ, ಒಂದು ಕಿಲೊ, ಪೊಟ್ಟಣದ ಮೇಲೆ ಎಣ್ಣೆಯ ಕಲೆ. ಜನವರಿ 26ಕ್ಕೂ ಇದೇ ನೋಟ. ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ, ಯಾವ ಸರಕಾರವೂ ಅಪ್ಪಣೆ ಮಾಡಿಲ್ಲ. ಆದರೂ ಮುಂಬಯಿಯಲ್ಲಿ ಈ ಎರಡು ದಿನ ಜಿಲೇಬಿ ಇಲ್ಲದೆ ಮುಗಿಯುವುದಿಲ್ಲ. ನೀವೆಲ್ಲ ಅದನ್ನು ತಿಂದೇ ಬೆಳೆದವರು.

ಹೋದ ಸಲ ನಮ್ಮ ಸಂಘದ ಧ್ವಜವಂದನೆಯಾಗಿ ಉಪ್ಪಿಟ್ಟು, ಶಿರಾ, ಚಹಾ ನಡೆದಿದ್ದಾಗ ನಿಮ್ಮಲ್ಲೊಬ್ಬಳು ನನ್ನ ಹತ್ತಿರ ಬಂದು ಕೇಳಿದಳು: "ಕಾಕಾ, ನಿಮ್ಮ ಊರಿನ ಶಾಲೆಯಲ್ಲೂ ಜಿಲೇಬಿ ಕೊಡ್ತಿದ್ರಾ?" ಇಲ್ಲಮ್ಮ, ಉಂಡಿ ಕೊಡ್ತಿದ್ರು ಎಂದೆ. ಅಷ್ಟರಲ್ಲಿ ಯಾರೋ ಫೋಟೋಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು. ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಆ ಹುಡುಗಿಗೆ ಮಾತ್ರವಲ್ಲ, ನಿಮಗೆಲ್ಲರಿಗೂ.

ನಿಮ್ಮಲ್ಲಿ ಬಹಳ ಜನರಿಗೆ ಊರು ಎಂದರೆ ಮೇ ತಿಂಗಳು. ಸುಡುವ ಬಿಸಿಲು, ಮಾವಿನಹಣ್ಣು, ಮದುವೆ, ನೀರಿನ ತಾಪತ್ರಯ. ಅಷ್ಟನ್ನೇ ನೋಡಿ 'ಊರಲ್ಲಿ ಏನೂ ಇಲ್ಲ, ಬೋರು' ಎಂದು ಹಿಂದಿರುಗುತ್ತೀರಿ. ತಪ್ಪು ನಿಮ್ಮದಲ್ಲ, ಶಾಲೆಗೆ ರಜೆ ಸಿಗುವುದು ಆಗಲೇ. ಆದರೆ ಧಾರವಾಡದ ಕಡೆಯ ಊರನ್ನು ನೋಡಬೇಕಾದದ್ದು ಶ್ರಾವಣದಲ್ಲಿ. ಪಡುವಣದ ಮಲೆನಾಡಿನಿಂದ ಬರುವ ಜಿಟಿಜಿಟಿ ಮಳೆ ಅಲ್ಲಿಯವರೆಗೆ ಬಂದು ಸಣ್ಣದಾಗುತ್ತದೆ. ಮೂಡಣಕ್ಕೆ ಬಯಲುಸೀಮೆ ಶುರು. ಹೊಲದಲ್ಲಿ ಹೆಸರು ಕಾಯಿ ಕಟ್ಟಿರುತ್ತದೆ, ಸೋಯಾ ಮೊಣಕಾಲಿನೆತ್ತರ ನಿಂತಿರುತ್ತದೆ, ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎರಡು ಸೇರು ಭಾರವಾಗುತ್ತದೆ.

ನನ್ನ ಹಳ್ಳಿ ಗರಗದ ಆಚೆ. ಊರಿನ ಹೆಸರು ಬೇಡ. ಮುಂದೆ ಓದಿದರೆ ಕಾರಣ ತಿಳಿಯುತ್ತದೆ. ಗರಗದ ಹೆಸರು ಮಾತ್ರ ನಿಮಗೆ ಗೊತ್ತಿರಬೇಕು. ಧಾರವಾಡದಿಂದ ಹದಿನೈದು-ಹದಿನೆಂಟು ಕಿಲೋಮೀಟರ್ ದೂರದ ಆ ಊರಿನಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ಬಟ್ಟೆಯನ್ನು 1950ರ ದಶಕದಿಂದ ನೇಯ್ದಿದ್ದಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ, 1957ರ ನವೆಂಬರ್ 1ರಂದು ಹುಟ್ಟಿದ್ದು. ಅಲ್ಲಿ ಬಟ್ಟೆಗೆ ಬಣ್ಣ ಕಟ್ಟಿ, ಅಳತೆಗೆ ಕತ್ತರಿಸಿ, ಚಕ್ರ ಅಚ್ಚೊತ್ತಿ, ಹೊಲಿಯುತ್ತಾರೆ. ನೂಲುವವರಲ್ಲಿಯೂ ಹೊಲಿಯುವವರಲ್ಲಿಯೂ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿದ ಮೇಲೆ ಈ ಕೈಗಳಿಗೆ ಪೆಟ್ಟು ಬಿತ್ತು. ಅದು ಬೇರೆಯೇ ದುಃಖ. ಇನ್ನೊಂದು ಸಲ ಬರೆದೇನು.

ಈಗ ಉಂಡಿ.

ನೀವು ಲಾಡು ಎನ್ನುವುದನ್ನು ನಾವು ಉಂಡಿ ಎನ್ನುತ್ತೇವೆ. ಝಂಡಾ ದಿನಕ್ಕೆ ಬರುತ್ತಿದ್ದದ್ದು ಬುಂದೆ ಉಂಡಿ. ನಮ್ಮಪ್ಪ ಹೇಳುತ್ತಿದ್ದ ಪ್ರಕಾರ 1947ರ ಮೊದಲ ಸಲ ಅದೂ ಇರಲಿಲ್ಲ. ಸಕ್ಕರೆ ಆಗ ರೇಷನ್ನಿನಲ್ಲಿತ್ತು. ಅದರ ಮೇಲಿನ ಹತೋಟಿ ಹೋದದ್ದು ಆ ವರ್ಷದ ಡಿಸೆಂಬರಿನಲ್ಲಿ. ಹೀಗಾಗಿ ಆ ಶುಕ್ರವಾರ ಊರಿನ ಮಕ್ಕಳ ಕೈಗೆ ಬಿದ್ದದ್ದು ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, 1956ರವರೆಗೂ ಮುಂಬಯಿಯ ಜೊತೆಗೇ ಇತ್ತು. ನಮ್ಮ ಕಡೆಯ ಹಿರಿಯರ ಬಾಯಲ್ಲಿ 'ಧ್ವಜ' ಬಾರದೆ 'ಝಂಡಾ' ಬರುವುದು ಯಾಕೆಂದು ಈಗ ತಿಳಿಯಿತಲ್ಲ! ನಿಮ್ಮ ಶಾಲೆಯ ಝೆಂಡಾವಂದನವೂ ನಮ್ಮ ಝಂಡಾವಂದನವೂ ಒಂದೇ ಮನೆಯವು.

ಎಲ್ಲರ ಮನೆಯೂ ಇದಲ್ಲ. ನಿಮ್ಮ ತಂದೆತಾಯಿ ಬೀದರ, ಕಲಬುರಗಿ, ರಾಯಚೂರು, ಕೊಪ್ಪಳದ ಕಡೆಯವರಾಗಿದ್ದರೆ ಅವರನ್ನು ಸೆಪ್ಟೆಂಬರ್ 17ರ ಬಗ್ಗೆ ಕೇಳಿ. 1947ರ ಆಗಸ್ಟ್ 15ರಂದು ಅವರ ಊರುಗಳು ನಿಜಾಮನ ಕೈಯಲ್ಲಿದ್ದವು. ಬಾವುಟ ಹಾರಿಸಿದವರನ್ನು ಜೈಲಿಗೆ ಹಾಕುತ್ತಿದ್ದರು. ಅಲ್ಲಿಗೆ ಸ್ವಾತಂತ್ರ್ಯ ಬಂದದ್ದು ಒಂದು ವರ್ಷ ಒಂದು ತಿಂಗಳು ತಡವಾಗಿ. ಆದ್ದರಿಂದ ಅಲ್ಲಿಯ ಶಾಲೆಯ ಮಕ್ಕಳಿಗೆ ಇಂದಿಗೂ ಬಾವುಟವೂ ಸಿಹಿಯೂ ಒಂದು ಸಲ ಹೆಚ್ಚು. ಹಳೆ ಮೈಸೂರಿನವರ ಕಥೆ ಮತ್ತೊಂದು. ಅವರಿಗೆ ಜವಾಬ್ದಾರಿ ಸರಕಾರ ಸಿಕ್ಕಿದ್ದು 'ಮೈಸೂರು ಚಲೋ' ಚಳವಳಿಯಾದ ಮೇಲೆ, 1947ರ ಅಕ್ಟೋಬರಿನಲ್ಲಿ. ಒಂದೇ ಭಾಷೆಯ ಜನ, ಬಾಯಿ ಸಿಹಿಯಾದ ದಿನ ಮಾತ್ರ ಬೇರೆ ಬೇರೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದದ್ದು 1963ರಲ್ಲಿ. ಉಂಡಿ ಧಾರವಾಡದಿಂದ ಬರುತ್ತಿತ್ತು. ಹಿಂದಿನ ದಿನ ಸಂಜೆಯ ಬಸ್ಸಿಗೆ ಮಾಸ್ತರರು ಬಿದಿರಿನ ಬುಟ್ಟಿ ಇಳಿಸಿಕೊಂಡು ಬಂದರೆಂದರೆ ಊರಿಗೆಲ್ಲ ಸುದ್ದಿ. ಬುಟ್ಟಿಯ ಮೇಲೆ ಹಳೆಯ ಪತ್ರಿಕೆ ಮುಚ್ಚಿ ಸುತಳಿ ಕಟ್ಟಿರುತ್ತಿದ್ದರು. ರಾತ್ರಿಯೆಲ್ಲ ನಿದ್ದೆಯಿಲ್ಲ. ನಸುಕಿನಲ್ಲೆದ್ದು ಪ್ರಭಾತ ಫೇರಿ. ಬಿಳಿ ಅಂಗಿ ಇದ್ದವರು ಮುಂದೆ, ಇಲ್ಲದವರು ಹಿಂದೆ. ಓಣಿ ಓಣಿ ಸುತ್ತಿ ಜೈಕಾರ ಹಾಕಿ ಗಂಟಲು ಹರಿದುಕೊಂಡು ಶಾಲೆಗೆ ಬರುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು. ಬಾವುಟದ ಮಡಿಕೆಯಲ್ಲಿಟ್ಟ ಹೂವಿನ ಎಸಳು ಉದುರುವುದನ್ನು ನೋಡುತ್ತಿದ್ದೆವು ನಿಜ. ಆದರೆ ಒಂದು ಕಣ್ಣು ಕಟ್ಟೆಯ ಮೇಲಿನ ಬುಟ್ಟಿಯ ಕಡೆಗೇ.

ಉಂಡಿಯನ್ನು ಅಲ್ಲಿಯೇ ತಿಂದು ಮುಗಿಸುವಂತಿರಲಿಲ್ಲ. ಮನೆಯಲ್ಲಿ ಅಜ್ಜಿ, ತಂಗಿ, ತೊಟ್ಟಿಲ ಕೂಸು. ಅರ್ಧ ಕಚ್ಚಿ ಅರ್ಧವನ್ನು ಟೊಪಿಗೆಯಲ್ಲಿ ಇಟ್ಟುಕೊಂಡು ಒಯ್ಯಬೇಕು. ಅವ್ವ ಅದನ್ನು ಬುಂದಿಕಾಳು ಎಣಿಸಿದ ಹಾಗೆ ಹಂಚುತ್ತಿದ್ದಳು. ವರ್ಷದಲ್ಲಿ ಅಂಗಡಿಯ ಸಿಹಿ ನಮ್ಮ ಮನೆಗೆ ಬರುತ್ತಿದ್ದದ್ದು ಈ ಎರಡು ದಿನ ಮತ್ತು ಜಾತ್ರೆಗೆ. ಗಾಂಧಿ ಟೊಪಿಗೆಗೆ ತುಪ್ಪದ ಕಲೆ ಬಿದ್ದದ್ದಕ್ಕೆ ಬೈಸಿಕೊಳ್ಳುವುದೂ ಆ ದಿನದ ಕಾರ್ಯಕ್ರಮದಲ್ಲಿ ಸೇರಿತ್ತು ಎನ್ನಿ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ನಿಮಗೆ ಚೆಂದ ಕಾಣುತ್ತದೆ. ಈ ಪುಟಗಳಲ್ಲಿ ಊರಿನ ನೆನಪು ಬರೆಯುವ ನಾವು ಹಿರಿಯರು ಸಾಮಾನ್ಯವಾಗಿ ಅಲ್ಲಿಯೇ ನಿಲ್ಲಿಸುತ್ತೇವೆ. ಆದರೆ ಅಂಗಳದ ಕೊನೆಯ ಸಾಲಿನಲ್ಲಿ ಊರ ಹೊರಗಿನ ಕೇರಿಯ ಹುಡುಗರು ಕೂತಿರುತ್ತಿದ್ದರು. ಏಳೆಂಟು ಜನ. ಆ ವರ್ಷ ಹಂಚುತ್ತಿದ್ದವರು ಕೊನೆಯ ಸಾಲಿನ ಹತ್ತಿರ ಬಂದು, ಉಂಡಿ ತೀರಿದವು ಎಂದು ಹೇಳಿ, ಕಿಸೆಯಿಂದ ಪೇಪರಮೆಂಟ್ ತೆಗೆದು ಒಂದೊಂದನ್ನೇ ಮೇಲಿನಿಂದ ಅವರ ಬೊಗಸೆಗೆ ಹಾಕಿದರು. ಕೈ ತಾಗಲಿಲ್ಲ. ನಾನು ಕಟ್ಟೆಗೆ ಹತ್ತಿಕೊಂಡೇ ಕೂತಿದ್ದೆ. ಬುಟ್ಟಿಯ ತಳದಲ್ಲಿ ಹತ್ತಾರು ಉಂಡಿ ಉಳಿದದ್ದನ್ನು ಕಂಡೆ. ಅವು ಆಮೇಲೆ ಊರಿನ ದೊಡ್ಡ ಮನೆಯೊಂದಕ್ಕೆ ಹೋದವು. ನಾನು ಯಾರಿಗೂ ಏನೂ ಹೇಳಲಿಲ್ಲ. ಒಂಬತ್ತು ವರ್ಷದವನು ಏನು ಹೇಳಿಯಾನು ಎಂದು ನೀವು ನನ್ನನ್ನು ಬಿಡಬಹುದು. ಹತ್ತೊಂಬತ್ತಕ್ಕೂ, ಮೂವತ್ತೊಂಬತ್ತಕ್ಕೂ ಹೇಳಿರಲಿಲ್ಲ.

1974ರಲ್ಲಿ ನೌಕರಿ ಹಿಡಿದು ಮುಂಬಯಿಗೆ ಬಂದೆ. ಆಗ ಮಿರಜದಲ್ಲಿ ಗಾಡಿ ಬದಲಿಸಬೇಕಾಗಿತ್ತು. ಈಚೆ ದೊಡ್ಡ ಹಳಿ, ಆಚೆ ಮೀಟರ್ ಗೇಜ್. ಹಾಸಿಗೆ ಸುರುಳಿ, ಟ್ರಂಕು, ರೊಟ್ಟಿಯ ಗಂಟು ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ಓಡಿದ್ದು ನೆನಪಿದೆ. ಆಮೇಲೆ ನನ್ನ ಊರೂ ನಿಮ್ಮ ಊರಿನ ಹಾಗೆ ಮೇ ತಿಂಗಳಿನ ಊರಾಯಿತು. ನಲವತ್ತನಾಲ್ಕು ವರ್ಷ ಒಂದು ಶ್ರಾವಣವನ್ನೂ ಅಲ್ಲಿ ನೋಡಲಿಲ್ಲ.

2018ರಲ್ಲಿ ನೋಡಿದೆ. ನಿವೃತ್ತಿಯಾಗಿತ್ತು, ನೆಪ ಬೇಕಿರಲಿಲ್ಲ. ಆ ವರ್ಷದ ವಿಶೇಷವೆಂದರೆ ನಾಗರ ಪಂಚಮಿಯೂ ಆಗಸ್ಟ್ 15ಕ್ಕೇ ಬಂದಿತ್ತು. ಉತ್ತರ ಕರ್ನಾಟಕದವರಿಗೆ ಪಂಚಮಿ ಎಂದರೆ ನಿಮ್ಮ ಗಣಪತಿ, ದೀಪಾವಳಿ ಎರಡೂ ಕೂಡಿದ ಹಾಗೆ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮರಕ್ಕೆ ಜೋಕಾಲಿ ಬೀಳುತ್ತದೆ, ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಹಾಕಿ ತಿರುಗಿಸುತ್ತಾರೆ, ದೊಡ್ಡವರು ಪಂಥ ಕಟ್ಟಿ ನಿಂಬೆಹಣ್ಣು ಎಸೆಯುತ್ತಾರೆ. ಹಬ್ಬಕ್ಕೆ ಮುಂಚೆ ರೊಟ್ಟಿ ಹಬ್ಬ: ಸಜ್ಜೆ ರೊಟ್ಟಿ, ಜೋಳದ ಕಡಕ್ ರೊಟ್ಟಿ, ನಾಲ್ಕಾರು ಬಗೆಯ ಪಲ್ಯ, ಮನೆಯಿಂದ ಮನೆಗೆ ತಾಟು ಓಡಾಡುತ್ತವೆ. ಇನ್ನು ಉಂಡಿಗಳಂತೂ! ಶೇಂಗಾದ ಉಂಡಿ, ಎಳ್ಳುಂಡಿ, ಹೆಸರುಂಡಿ, ರವೆ ಉಂಡಿ, ದಾಣಿ ಉಂಡಿ, ತಂಬಿಟ್ಟು, ಗುಳ್ಳಡಕಿ ಉಂಡಿ. ಗುಳ್ಳಡಕಿ ಎಂದರೆ ಚಿಕ್ಕ ಮಣಿಗಳ ಹಾಗೆ ಕರಿದು ಬೆಲ್ಲದ ಪಾಕದಲ್ಲಿ ಕಟ್ಟುವುದು; ಹಲ್ಲು ಗಟ್ಟಿ ಇದ್ದವರಿಗೆ ಮಾತ್ರ. ಇವಕ್ಕೆ ಬಳಸುವುದು ಹೆಚ್ಚಾಗಿ ಬೆಲ್ಲವನ್ನೇ. ಬಡವರ ಮನೆಯಲ್ಲಿಯೂ ಆ ವಾರ ಒಂದೆರಡು ಬಗೆಯಾದರೂ ಡಬ್ಬಿಯಲ್ಲಿರುತ್ತವೆ.

ನಾನು ಹದಿಮೂರರ ರಾತ್ರಿ ದಾದರದಿಂದ ರೈಲು ಹತ್ತಿ ಹದಿನಾಲ್ಕರಂದು ಧಾರವಾಡದಲ್ಲಿ ಇಳಿದೆ. ಕೈಯಲ್ಲಿ ಎರಡು ಕಿಲೊ ಮುಂಬಯಿ ಜಿಲೇಬಿ. ಸ್ಟೇಷನ್ನಿನಿಂದ ಹೊರಬಿದ್ದು ಪೇಡೆಯನ್ನೂ ಕೊಂಡೆ. ಧಾರವಾಡದ ಹೆಸರು ಹೊತ್ತ ಈ ಪೇಡೆ ಮೂಲದಲ್ಲಿ ಧಾರವಾಡದ್ದಲ್ಲ ಎಂದು ಗೊತ್ತೇ? ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಠಾಕೂರ್ ಮನೆತನದವರ ಕೈಗುಣ ಅದು. ಬೇರೆ ಊರಿನಿಂದ ಬಂದವರ ಮಕ್ಕಳು ಎಲ್ಲಿಯವರು ಎಂದು ನಿಮ್ಮನ್ನು ಯಾರಾದರೂ ಕೇಳಿದರೆ ಒಂದು ಪೇಡೆ ಕೊಟ್ಟು ಬಾಯಿ ಮುಚ್ಚಿಸಿ.

ಊರು ಮುಟ್ಟಿದಾಗ ಶಾಲೆಯಲ್ಲಿ ಸಣ್ಣ ಪೇಚು ನಡೆದಿತ್ತು. ಈಗ ಸಿಹಿ ಧಾರವಾಡದಿಂದ ಬರುವುದಿಲ್ಲ. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಕಡೆಗೂ ಬಂದ ಬಿಸಿಯೂಟದಿಂದಾಗಿ ಶಾಲೆಗೆ ಸ್ವಂತ ಅಡಿಗೆಮನೆ, ಗ್ಯಾಸು, ಪಾತ್ರೆ, ಅಡಿಗೆಯವರು ಎಲ್ಲ ಇವೆ. ಝಂಡಾ ದಿನಕ್ಕೆ ಅಲ್ಲಿಯೇ ಬುಂದೆ ಕರಿಯುವುದು ರೂಢಿ. ಆದರೆ ಪಂಚಮಿಯ ದಿನ ನಮ್ಮ ಕಡೆ ಅನೇಕ ಮನೆಗಳಲ್ಲಿ ಒಲೆಯ ಮೇಲೆ ಹಂಚು, ಎಣ್ಣೆ ಬಾಣಲೆ ಇಡುವುದಿಲ್ಲ. ಬೇಯಿಸಿದ್ದು, ಕುದಿಸಿದ್ದು ಮಾತ್ರ. ಕಮಿಟಿಯ ಹಿರಿಯರು 'ಸಾಲ್ಯಾಗೂ ಕರಿಯೂದು ಬ್ಯಾಡ' ಎಂದರು. ಹಾಗಾದರೆ ಹುಗ್ಗಿ ಮಾಡೋಣ ಎಂದರು ಅಡಿಗೆಯವರು. ಹೆಡ್ ಮೇಡಂ ಅದಕ್ಕೆ ಇನ್ನೊಂದು ಸೇರಿಸಿದರು: ಪ್ರತಿ ಮಗುವೂ ಮನೆಯಿಂದ ಒಂದು ಪಂಚಮಿ ಉಂಡಿ ತರಲಿ, ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಕೂಡಿಸಿ ಹಂಚೋಣ.

ಈ ಮಾತಿನಲ್ಲಿ ಏನು ಅಡಗಿದೆಯೆಂದು ನಿಮಗೆ ಥಟ್ಟನೆ ಹೊಳೆಯಲಿಕ್ಕಿಲ್ಲ. ಕಾಲೇಜ್ ಕ್ಯಾಂಟೀನಿನಲ್ಲಿ ನೀವು ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವವರು. ಹಳ್ಳಿಯಲ್ಲಿ ಉಂಡಿ ಎಂದರೆ ಒಬ್ಬರ ಅಡಿಗೆಮನೆ. ಯಾರ ಮನೆಯದು ಯಾರ ಬಾಯಿಗೆ ಹೋಗಬೇಕೆಂಬ ಲೆಕ್ಕ ಇನ್ನೂ ಪೂರ್ತಿ ಅಳಿಸಿಲ್ಲ. ಹದಿನಾಲ್ಕರ ಸಂಜೆ ಕಟ್ಟೆಯ ಮೇಲೆ ಗುಸುಗುಸು ನನ್ನ ಕಿವಿಗೂ ಬಿತ್ತು. ಯಾರೂ ಬಾಯಿಬಿಟ್ಟು ಬೇಡವೆನ್ನಲಿಲ್ಲ. 'ಹಬ್ಬದ ದಿನ ಹುಡುಗರಿಗೆ ಹೊಟ್ಟಿಗಿಟ್ಟಿ ಕೆಟ್ಟೀತು' ಎಂದರು ಒಬ್ಬರು. ಜಾತಿಯ ಮಾತು ಈಗ ಹೊಟ್ಟೆನೋವಿನ ಹೆಸರಿನಲ್ಲಿ ಬರುತ್ತದೆ.

ಹದಿನೈದರ ನಸುಕಿನಲ್ಲಿ ನಾನು ಶಾಲೆಯ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮೂವರು ಹೆಣ್ಣುಮಕ್ಕಳು. ಹತ್ತು ಕಿಲೊ ಹುಗ್ಗಿಯ ಗೋದಿ ಹಿಂದಿನ ದಿನವೇ ನೀರು ಚಿಮುಕಿಸಿ ಕುಟ್ಟಿ ಹೊಟ್ಟು ಹಾರಿಸಿ ಇಟ್ಟದ್ದು. ಅದು ಹೂವಿನಂತೆ ಅರಳುವ ತನಕ ಬೇಯಬೇಕು. ಬೆಲ್ಲ ಅವಸರ ಮಾಡಿ ಹಾಕಿದರೆ ಗೋದಿ ಅಲ್ಲಿಗೇ ಬಿರುಸಾಗಿ ನಿಲ್ಲುತ್ತದೆ. ಬೆಂದ ಮೇಲೆ ಸರಿಸುಮಾರು ಗೋದಿಯಷ್ಟೇ ತೂಕದ ಮಹಾಲಿಂಗಪುರದ ಬೆಲ್ಲ, ಹುರಿದ ಗಸಗಸೆ, ಒಣಕೊಬ್ಬರಿಯ ಹೆರೆ, ಏಲಕ್ಕಿ, ಚೂರು ಜಾಜಿಕಾಯಿ. ಆ ವಾಸನೆಗೆ ಮಳೆಯೇ ನಿಂತಿತೇನೋ ಅನಿಸಿತು. ಸೌಟು ಹಿಡಿದಿದ್ದಾಕೆಗೆ ನಲವತ್ತರ ಸುಮಾರು. "ನೋಡ್ಕೋತ ನಿಂತ್ರ ಹೆಂಗ್ರೀ ಕಾಕಾರ, ರುಚಿ ನೋಡಿ ಹೇಳ್ರಿ" ಎಂದು ಎಲೆಯ ಮೇಲೆ ಒಂದಿಷ್ಟು ಹಾಕಿಕೊಟ್ಟಳು. ಯಾರ ಮಗಳವ್ವಾ ಎಂದು ಕೇಳಿದೆ. ಹೇಳಿದಳು. 1963ರಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬನ ಮಗಳು ಆಕೆ.

ಅವನೂ ಧ್ವಜವಂದನೆಗೆ ಬಂದಿದ್ದ, ಮೊಮ್ಮಗನ ಕೈ ಹಿಡಿದುಕೊಂಡು. ಬಾವುಟ ಏರಿತು, ಎಸಳು ಉದುರಿದವು, ಭಾಷಣಗಳಾದವು. ಭಾಷಣ ಎಲ್ಲ ಕಡೆಯಂತೆ ಉದ್ದವಿದ್ದವು, ಬಿಡಿ. ನಾವಿಬ್ಬರೂ ಬೇವಿನ ಮರದ ಕೆಳಗೆ ಒಂದೇ ಕಲ್ಲಿನ ಮೇಲೆ ಕೂತೆವು. ನಾನು 'ನೀನು' ಎಂದರೆ ಅವನು 'ನೀವು' ಎನ್ನುತ್ತಿದ್ದ. ಒಂದೇ ವಯಸ್ಸು, ಒಂದೇ ಇಯತ್ತೆ. ನಾನು ಅಂದು ಬುಟ್ಟಿಯಲ್ಲಿ ಕಂಡದ್ದನ್ನು ಐವತ್ತೈದು ವರ್ಷಗಳ ಮೇಲೆ ಅವನಿಗೆ ಹೇಳಿದೆ. ಅವನು ನಕ್ಕುಬಿಟ್ಟ.

"ಅದನ್ನ ಇನ್ನೂ ಇಟಗೊಂಡೀರೇನ್ರೀ? ನಿಮ್ಮ ಉಂಡಿ ಸಾಲಿ ಬಾಗಿಲಕ್ಕ ಮುಗೀತು. ನನ್ನ ಪೇಪರಮೆಂಟ್ ಮನೀ ತನಕ ಬಂತು."

ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೇಳಿದ: "ಬುಂದೆ ಉಂಡಿ ಹೆಂಗಿತ್ತೋ ಅಂತ ನಮ್ಮವ್ವ ಕೇಳಿದ್ಳು. ಚಲೋ ಇತ್ತು ಅಂದೆ."

ನಾನು ಏನೂ ಮಾತಾಡಲಿಲ್ಲ. ಅಷ್ಟರಲ್ಲಿ ಬುಟ್ಟಿ ಬಂತು.

ಮಕ್ಕಳು ತಂದ ಉಂಡಿಗಳನ್ನೆಲ್ಲ ದೊಡ್ಡ ಬುಟ್ಟಿಯಲ್ಲಿ ಕೂಡಿಸಿದ್ದರು. ನೂರರ ಮೇಲಿದ್ದವು. ಎಳ್ಳಿನ ಕಪ್ಪು, ರವೆಯ ಬಿಳಿ, ಶೇಂಗಾದ ಕೆಂಪು; ನಿಂಬೆಯಷ್ಟು ದೊಡ್ಡವು, ಗೋಲಿಯಷ್ಟು ಚಿಕ್ಕವು, ಕಿಸೆಯಲ್ಲಿ ಜಜ್ಜಿಹೋಗಿ ಉಂಡಿ ಎನ್ನಲಾಗದವು. ಏಳನೆಯ ಇಯತ್ತೆಯ ಹುಡುಗಿಯರು ಕಣ್ಣು ಮುಚ್ಚಿ ಕೈಗೆ ಬಂದದ್ದನ್ನು ಹಂಚುತ್ತ ಹೋದರು. ಮೇಡಂ ಕೊನೆಯ ಸಾಲಿನಿಂದ ಶುರುಮಾಡಿಸಿದರು. ಕೊನೆಯ ಸಾಲು ಎಂದರೆ ಈಗ ಬರೀ ಎತ್ತರದ ಹುಡುಗರು. ನನಗೆ ಬಂದದ್ದು ಎಳ್ಳುಂಡಿ, ಅವನಿಗೆ ರವೆಯದು. ನನ್ನ ಜಿಲೇಬಿಯೂ ಹಂಚಿಹೋಯಿತು. ರಾತ್ರಿಯ ರೈಲಿನಲ್ಲಿ, ಮಳೆಯ ಹವೆಯಲ್ಲಿ ಅದು ಒದ್ದೆ ಹಗ್ಗದಂತೆ ಮೆತ್ತಗಾಗಿತ್ತು. ಆದರೂ ಮಕ್ಕಳು ಮುಂಬಯಿಯದೆಂದು ಬೆರಳು ಚೀಪಿ ತಿಂದರು.

ಎಲ್ಲರೂ ತಿಂದರೆಂದು ಹೇಳಿದರೆ ಸುಳ್ಳಾಗುತ್ತದೆ. ಇಬ್ಬರು ಹುಡುಗರು ಉಂಡಿಯನ್ನು ಬಾಯಿಗಿಡದೆ ಕಿಸೆಗೆ ಹಾಕಿಕೊಂಡರು. ಹುಗ್ಗಿಯ ಪಂಕ್ತಿಗೂ ಕೂಡಲಿಲ್ಲ. ಮನೆಯಲ್ಲಿ ಏನು ಹೇಳಿ ಕಳಿಸಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಮೇಡಂ ಕಂಡೂ ಕಾಣದ ಹಾಗಿದ್ದರು. ಅವರನ್ನು ನಿಲ್ಲಿಸಿ ಎಲ್ಲರೆದುರು ಬುದ್ಧಿ ಹೇಳಬೇಕಿತ್ತೆಂದು ನನಗೆ ಆಗ ಅನಿಸಿತ್ತು. ಈಗ ಅನಿಸುವುದಿಲ್ಲ. ಯಾಕೆಂದರೆ ಮನೆಗೆ ಹೋಗುವಾಗ ನೀರಿನ ಟಾಕಿಯ ಹಿಂದೆ ಆ ಇಬ್ಬರಲ್ಲಿ ಚಿಕ್ಕವನು ನಿಂತಿದ್ದ. ಎರಡೂ ಕೆನ್ನೆ ಉಬ್ಬಿದ್ದವು. ನನ್ನನ್ನು ಕಂಡು ಅಗಿಯುವುದನ್ನು ನಿಲ್ಲಿಸಿದ. ನಾನು ಜೋಕಾಲಿಯ ಕಡೆ ನೋಡುತ್ತ ಮುಂದೆ ನಡೆದೆ.

ನಿಮಗೂ ಹೋಗಬೇಕೆನಿಸಿದರೆ ದಾದರದಿಂದ ಹುಬ್ಬಳ್ಳಿಯ ರಾತ್ರಿ ಗಾಡಿ ಇದೆ. ಹದಿನಾಲ್ಕರಂದು ಧಾರವಾಡದಲ್ಲಿರುವ ಹಾಗೆ ಹೊರಡಿ. ಛತ್ರಿ ಬೇಕು, ಒಳ್ಳೆಯ ಬೂಟು ಬೇಡ. ಗರಗದಲ್ಲಿ ಇಳಿದು ಮಗ್ಗದ ಸದ್ದು ಕೇಳಿಕೊಂಡು ಹೋಗಿ. ಯಾವ ಹಳ್ಳಿಯ ಶಾಲೆಗೆ ಹೋದರೂ ಗೇಟಿನಲ್ಲಿ ನಿಂತರೆ ಸಾಕು, ಯಾರಾದರೊಬ್ಬರು ಕರೆದು ಕೂಡಿಸುತ್ತಾರೆ. ಬರಿಗೈಯಲ್ಲಿ ಹೋಗುವುದು ಹೇಗೆಂದು ಸಂಕೋಚವಾದರೆ ಇಲ್ಲಿಂದ ಚಿಕ್ಕಿ ಒಯ್ಯಿರಿ. ಜಿಲೇಬಿ ಮಾತ್ರ ಬೇಡ.